ಕಡಲ ನಡುವೆ ರೇಡಿಯೊ ವಾರ್ತೆ



ಆಕಾಶವಾಣಿಯ ‘ಪ್ರದೇಶ ಸಮಾಚಾರ’ ಕೇಳುತ್ತಾ ಬೆಳೆದವರು ನಿಮ್ಮಲ್ಲಿ ಅನೇಕರಿದ್ದೀರಿ. ಒಲೆಯ ಮೇಲೆ ಹಾಲು, ಗೋಡೆಯ ಗೂಡಿನಲ್ಲಿ ರೇಡಿಯೊ. ವಿಧಾನಸಭೆಯಲ್ಲಿ ಏನು ನಡೆಯಿತು, ಯಾವ ಜಲಾಶಯಕ್ಕೆ ಎಷ್ಟು ನೀರು ಬಂತು, ಯಾವ ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರ ನಿಂತಿದೆ ಎಂಬ ಸಂಗತಿಗಳನ್ನು ಬೀದರಿನವರೂ ಚಾಮರಾಜನಗರದವರೂ ಒಂದೇ ಗಳಿಗೆಯಲ್ಲಿ ಕೇಳುತ್ತಿದ್ದೆವು. ನಾವೆಲ್ಲ ಒಂದೇ ನಾಡಿನವರೆಂಬ ಭಾವನೆ ಬೆಳೆಯಲು ಆ ಹತ್ತು ನಿಮಿಷಗಳೂ ತಮ್ಮ ಪಾಲಿನ ಕೆಲಸ ಮಾಡಿವೆ.

ಹಾಗೆಂದು ಆ ವಾರ್ತೆ ಒಂದು ದಿನ ಬರದಿದ್ದರೆ ನಾವೇನೂ ಕಂಗೆಡುತ್ತಿರಲಿಲ್ಲ. ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ಬರುತ್ತಿತ್ತು. ಪೇಟೆಗೆ ಹೋಗಿಬಂದವರು ಸುದ್ದಿ ತರುತ್ತಿದ್ದರು. ಬಸ್ಸೂ ಇಲ್ಲದ, ದಿನಪತ್ರಿಕೆಯೂ ತಲುಪದ, ಪಕ್ಕದ ಊರಿಗೆ ಹೋಗಬೇಕಾದರೆ ತಿಂಗಳಿಗೊಮ್ಮೆ ಬರುವ ಹಡಗಿಗೆ ಕಾಯಬೇಕಾದ ದೇಶವನ್ನು ಈಗ ಮನಸ್ಸಿಗೆ ತಂದುಕೊಳ್ಳಿ. ಪೆಸಿಫಿಕ್ ಮಹಾಸಾಗರದಲ್ಲಿ ಅಂಥ ದೇಶಗಳು ಒಂದೆರಡಲ್ಲ. ಅಲ್ಲಿ ರೇಡಿಯೊ ವಾರ್ತೆಗೆ ಇರುವ ಬೆಲೆಯೇ ಬೇರೆ. ಆ ವಾರ್ತೆಯನ್ನು ಯಾರು ಓದುತ್ತಾರೆ, ಯಾರು ತಡೆಯುತ್ತಾರೆ, ತಡೆದಾಗ ಜನರ ಗತಿಯೇನು ಎಂಬುದು ನಮ್ಮ ಇಂದಿನ ವಿಷಯ.

ಮೊದಲು ಭೂಗೋಳ ಸ್ವಲ್ಪ ನೋಡೋಣ. ಕಿರಿಬಾಟಿ ಎಂದು ಬರೆದು ಕಿರಿಬಾಸ್ ಎಂದು ಕರೆಯುವ ಒಂದು ದೇಶವಿದೆ. ಅದರಲ್ಲಿ 33 ದ್ವೀಪಗಳು. ಎಲ್ಲ ಸೇರಿಸಿದರೂ ನೆಲ ಸುಮಾರು 811 ಚದರ ಕಿಲೋಮೀಟರು. ನಮ್ಮ ಎಷ್ಟೋ ತಾಲ್ಲೂಕುಗಳು ಅದಕ್ಕಿಂತ ದೊಡ್ಡವು. ಆದರೆ ಆ ನೆಲ ಹರಡಿಕೊಂಡಿರುವ ಕಡಲು ಸುಮಾರು 35 ಲಕ್ಷ ಚದರ ಕಿಲೋಮೀಟರು, ಅಂದರೆ ಇಡೀ ಭಾರತದ ನೆಲಕ್ಕಿಂತ ಹೆಚ್ಚು. ರಾಜಧಾನಿ ತರಾವಾದಿಂದ ಪೂರ್ವದ ಕಿರಿಟಿಮಾಟಿ ದ್ವೀಪಕ್ಕೆ ಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರ. ಬೆಂಗಳೂರಿನಿಂದ ದೆಹಲಿಗಿರುವ ವಿಮಾನದ ದಾರಿಯ ಹೆಚ್ಚುಕಡಿಮೆ ಇಮ್ಮಡಿ, ಅದೂ ಬರೀ ನೀರಿನ ಮೇಲೆ.

ಪಶ್ಚಿಮಕ್ಕೆ ಬಂದರೆ ಸಾಲೊಮನ್ ದ್ವೀಪಗಳು. ಅಲ್ಲಿ ಚಿಕ್ಕವು ದೊಡ್ಡವು ಸೇರಿ 900ಕ್ಕೂ ಹೆಚ್ಚು ದ್ವೀಪಗಳು, 70ರ ಆಸುಪಾಸು ಭಾಷೆಗಳು. ಅದರ ದಕ್ಷಿಣದ ವನುವಾಟುವಿನಲ್ಲಿ 80ಕ್ಕೂ ಹೆಚ್ಚು ದ್ವೀಪಗಳು. ಮೂರು ಲಕ್ಷದಷ್ಟು ಜನರ ನಡುವೆ ನೂರಕ್ಕೂ ಮಿಕ್ಕಿ ಭಾಷೆಗಳು. ಈ ಎರಡೂ ದೇಶಗಳಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳಲು ಒಂದು ಕೂಡುಭಾಷೆ ಬೆಳೆದಿದೆ. ಇಂಗ್ಲಿಷಿನ ಪದಗಳನ್ನು ದ್ವೀಪದ ನುಡಿಕಟ್ಟಿನಲ್ಲಿ ಹೊಸೆದ ಭಾಷೆ ಅದು. ಸಾಲೊಮನ್‌ನಲ್ಲಿ ಅದಕ್ಕೆ ಪಿಜಿನ್ ಎಂದೂ ವನುವಾಟುವಿನಲ್ಲಿ ಬಿಸ್ಲಾಮಾ ಎಂದೂ ಹೆಸರು. ರೇಡಿಯೊ ಈ ಭಾಷೆಗಳಲ್ಲಿ ವಾರ್ತೆ ಓದುತ್ತದೆ. ಬಂದರಿನಲ್ಲಿ, ತೋಟದ ಕೂಲಿಯವರ ನಡುವೆ ಹುಟ್ಟಿದ ಮಾತು ದೇಶದ ಮಾತಾಗಿ ಬೆಳೆದದ್ದರಲ್ಲಿ ವಾರ್ತೆ ಓದುವವರ ಪಾಲೂ ಇದೆ.

ಅಲ್ಲಿನ ರೇಡಿಯೊದ ದಿನಚರಿ ಕೇಳಿದರೆ ನಿಮಗೆ ಕುತೂಹಲವಾದೀತು. ವಾರ್ತೆಯಷ್ಟೇ ಗಮನವಿಟ್ಟು ಜನ ಕೇಳುವುದು ಖಾಸಗಿ ಸಂದೇಶಗಳನ್ನು. ‘ಇಂಥ ಊರಿನ ಇಂಥವರು ತೀರಿಕೊಂಡಿದ್ದಾರೆ, ಮಗ ಹೊನಿಯಾರಾದಿಂದ ಶುಕ್ರವಾರದ ಹಡಗಿಗೆ ಹೊರಡುತ್ತಾನೆ, ದಡದಲ್ಲಿ ದೋಣಿಯೊಂದಿಗೆ ಕಾದಿರಿ’ ಎಂಬ ಧಾಟಿಯ ಸಂದೇಶಗಳವು. ಸಾಲೊಮನ್ ದ್ವೀಪಗಳ ಪ್ರಸಾರ ನಿಗಮ ದಶಕಗಳ ಕಾಲ ಇಂಥ ಸಂದೇಶಗಳನ್ನು ಓದುತ್ತ ಬಂದಿದೆ. ಪ್ರಧಾನಿಯ ಭಾಷಣವೂ ಮನೆಯ ಸಾವಿನ ಸುದ್ದಿಯೂ ಅಲ್ಲಿ ಒಂದೇ ಪೆಟ್ಟಿಗೆಯಿಂದ ಬರುತ್ತವೆ. ಸಾವಿನ ಸುದ್ದಿ ನಿಜವಿದ್ದ ಮೇಲೆ ಅದರ ಹಿಂದೆಮುಂದೆ ಬಂದ ವಾರ್ತೆಯೂ ನಿಜವೇ ಇರಬೇಕೆಂದು ಕೇಳುಗ ನಂಬುತ್ತಾನೆ. ಈ ನಂಬಿಕೆಯೇ ಅಲ್ಲಿನ ರೇಡಿಯೊದ ಬಂಡವಾಳ. ಅದರ ಅಪಾಯವೂ ಅದೇ.

ಅಪಾಯ ಏಕೆಂದರೆ, ಇಡೀ ದೇಶಕ್ಕೆ ಕೇಳಿಸುವ ಬಾಯಿ ಒಂದೇ ಇರುವಲ್ಲಿ, ದೇಶವನ್ನು ಹಿಡಿಯಬೇಕೆನ್ನುವವನು ಮೊದಲು ಆ ಬಾಯಿಯ ಕಡೆಗೇ ನೋಡುತ್ತಾನೆ. ವನುವಾಟುವನ್ನೇ ತೆಗೆದುಕೊಳ್ಳಿ. ಅದು ಬ್ರಿಟನ್ ಮತ್ತು ಫ್ರಾನ್ಸ್ ಜಂಟಿಯಾಗಿ ಆಳುತ್ತಿದ್ದ ನ್ಯೂ ಹೆಬ್ರಿಡೀಸ್. ಎರಡು ಪೊಲೀಸ್ ಪಡೆ, ಎರಡು ಬಗೆಯ ಶಾಲೆ, ಎರಡು ಆಡಳಿತ ಅಲ್ಲಿದ್ದವು. 1980ರ ಜುಲೈ 30ರಂದು ಅದು ಸ್ವತಂತ್ರವಾಯಿತು. ಅದಕ್ಕೆ ಮುನ್ನವೇ ಸಾಂತೊ ದ್ವೀಪದಲ್ಲಿ ಜಿಮ್ಮಿ ಸ್ಟೀವನ್ಸ್ ಎಂಬ ನಾಯಕನ ಹಿಂಬಾಲಕರು ಪ್ರತ್ಯೇಕ ರಾಜ್ಯ ಸಾರಿದರು. ಅವರ ಬಳಿ ಬಿಲ್ಲುಬಾಣಗಳಿದ್ದವು. ಜೊತೆಗೆ ರೇಡಿಯೊ ವನಾಫೊ ಎಂಬ ತಮ್ಮದೇ ಪ್ರಸಾರವೂ ಇತ್ತು. ಪಪುವಾ ನ್ಯೂಗಿನಿಯ ಸೈನಿಕರ ನೆರವಿನಿಂದ ಹೊಸ ಸರಕಾರ ಆ ಬಂಡಾಯವನ್ನು ಅಡಗಿಸಿತು. ಸೇನೆಯೇ ಇಲ್ಲದ ದೇಶದಲ್ಲಿ ನಡೆದ ಆ ಕಲಹದಲ್ಲಿ, ‘ಈ ದೇಶ ಯಾರದು’ ಎಂಬ ಪ್ರಶ್ನೆಗೆ ಎರಡು ಕಡೆಯಿಂದಲೂ ಉತ್ತರ ಹೊರಟದ್ದು ರೇಡಿಯೊ ಅಲೆಗಳ ಮೇಲೆ.

ಭಾರತೀಯರಾದ ನಮಗೆ ಇನ್ನೂ ಹತ್ತಿರದ ಉದಾಹರಣೆ ಫಿಜಿ. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರಾರಿನ ಕೂಲಿಗಳಾಗಿ ಅಲ್ಲಿನ ಕಬ್ಬಿನ ಗದ್ದೆಗಳಿಗೆ ಒಯ್ದರು. ಅವರ ಮೊದಲ ಹಡಗು ಲಿಯೊನಿಡಾಸ್ ಫಿಜಿಗೆ ತಲುಪಿದ್ದು 1879ರ ಮೇ 14ರಂದು. ಸರಿಯಾಗಿ 108 ವರ್ಷಗಳ ನಂತರ, 1987ರ ಮೇ 14ರಂದು, ಲೆಫ್ಟಿನೆಂಟ್ ಕರ್ನಲ್ ಸಿಟಿವೇನಿ ರಬುಕ ಸಂಸತ್ತಿಗೆ ಸೈನಿಕರನ್ನು ನುಗ್ಗಿಸಿ, ಒಂದು ತಿಂಗಳ ಹಿಂದಷ್ಟೇ ಚುನಾಯಿತವಾಗಿದ್ದ ತಿಮೋಸಿ ಬವಾಂದ್ರ ಅವರ ಸರಕಾರವನ್ನು ಕಿತ್ತುಹಾಕಿದರು. ಆ ಸರಕಾರದಲ್ಲಿ ಭಾರತೀಯ ಮೂಲದವರಿಗೆ ಹೆಚ್ಚು ಪ್ರಾತಿನಿಧ್ಯವಿದೆ ಎಂಬುದು ಅಂದು ಮುಂದೊಡ್ಡಿದ ನೆಪ. ಸೈನಿಕರು ಪತ್ರಿಕಾ ಕಚೇರಿಗಳಿಗೆ ಬೀಗ ಹಾಕಿಸಿದರು. ಫಿಜಿಯ ಬಾನುಲಿ ಆಗಲೂ ಮೂರು ಭಾಷೆಗಳಲ್ಲಿ ಮಾತಾಡುತ್ತಿತ್ತು: ಮೂಲನಿವಾಸಿಗಳ ಫಿಜಿಯನ್, ಭಾರತೀಯರ ಹಿಂದಿ ಮತ್ತು ಇಂಗ್ಲಿಷ್. ಮೂರು ಬಾಯಿ ಇದ್ದರೂ ಗಂಟಲು ಒಂದೇ. ಅದನ್ನು ಒತ್ತಿ ಹಿಡಿದರೆ ಮೂರೂ ಭಾಷೆ ನಿಲ್ಲುತ್ತವೆ.

2000ದ ಮೇ 19ರಂದು ಮತ್ತೆ ಅದೇ ಆಯಿತು. ಜಾರ್ಜ್ ಸ್ಪೈಟ್ ಎಂಬಾತ ಬಂದೂಕುಧಾರಿಗಳೊಂದಿಗೆ ಸಂಸತ್ತಿಗೆ ನುಗ್ಗಿ ಪ್ರಧಾನಿ ಮಹೇಂದ್ರ ಚೌಧರಿ ಅವರನ್ನೂ ಅವರ ಸಹೋದ್ಯೋಗಿಗಳನ್ನೂ ಒತ್ತೆಯಿರಿಸಿಕೊಂಡ. ಚೌಧರಿ ಬಿಡುಗಡೆಯಾದದ್ದು 56 ದಿನಗಳ ಮೇಲೆ. ಆ ನಡುವೆ ಟೆಲಿವಿಷನ್ನಿನ ಒಂದು ಚರ್ಚೆ ಸ್ಪೈಟ್‌ನ ಬೆಂಬಲಿಗರಿಗೆ ಹಿಡಿಸಲಿಲ್ಲ. ಅವರು ಗುಂಪಾಗಿ ಹೋಗಿ ಫಿಜಿ ಟೆಲಿವಿಷನ್ನಿನ ಕಚೇರಿಯನ್ನು ಪುಡಿಗಟ್ಟಿದರು. ಪ್ರಶ್ನೆ ಕೇಳಿದವರಿಗೆ ಸಿಕ್ಕ ಉತ್ತರ ಅದು.

ಮೂರನೆಯ ಪ್ರಸಂಗ ನನ್ನ ಮಾತಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. 2006ರ ಡಿಸೆಂಬರಿನಲ್ಲಿ ಸೇನಾಧಿಕಾರಿ ಫ್ರಾಂಕ್ ಬೈನಿಮರಾಮ ಅಧಿಕಾರ ಹಿಡಿದಿದ್ದರು. 2009ರ ಏಪ್ರಿಲಿನಲ್ಲಿ ನ್ಯಾಯಾಲಯ ಅದನ್ನು ಅಕ್ರಮವೆಂದಿತು. ಮರುದಿನವೇ ಅಧ್ಯಕ್ಷರು ಸಂವಿಧಾನವನ್ನು ರದ್ದು ಮಾಡಿದರು. ಸುದ್ದಿಮನೆಗಳಿಗೆ ಸರಕಾರದ ಪರಿಶೀಲಕರು ಬಂದು ಕುಳಿತರು. ಅವರು ಒಪ್ಪಿದ ಮೇಲೆಯೇ ವಾರ್ತೆ ಹೊರಡಬೇಕು. ಒಂದು ಪತ್ರಿಕೆ ಆ ಭಾನುವಾರ ಪುಟದಲ್ಲಿ ಖಾಲಿ ಜಾಗಗಳನ್ನು ಬಿಟ್ಟು, ಸರಕಾರದ ನಿರ್ಬಂಧದಿಂದ ಸುದ್ದಿ ಅಚ್ಚಾಗಿಲ್ಲವೆಂದು ತಿಳಿಸಿತು. ಪತ್ರಿಕೆಯಲ್ಲಿ ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ. ರೇಡಿಯೊದಲ್ಲಿ ಖಾಲಿ ಜಾಗ ಕಾಣುವುದಿಲ್ಲ. ತೆಗೆದುಹಾಕಿದ ಸುದ್ದಿಯ ಜಾಗದಲ್ಲಿ ಒಂದು ಹಾಡು ಬಂದರೆ, ಏನು ತಪ್ಪಿಹೋಯಿತೆಂದು ಕೇಳುಗನಿಗೆ ಹೇಗೆ ಗೊತ್ತಾಗಬೇಕು?

ಆಗ ಸುವಾ ಮತ್ತು ನಾಂದಿ ನಗರಗಳಲ್ಲಿ ರೇಡಿಯೊ ಆಸ್ಟ್ರೇಲಿಯಾದ ಕಾರ್ಯಕ್ರಮಗಳನ್ನು ಮರುಪ್ರಸಾರ ಮಾಡುವ ಎಫ್.ಎಂ. ಯಂತ್ರಗಳಿದ್ದವು. ಸರಕಾರ ಅವನ್ನೂ ನಿಲ್ಲಿಸಿತು. ಎಫ್.ಎಂ. ಅಲೆ ಕಣ್ಣಳತೆಯ ದೂರಕ್ಕಷ್ಟೇ ಹೋಗುವುದರಿಂದ ಅದರ ಯಂತ್ರ ಊರಿನಲ್ಲೇ ಇರಬೇಕು. ಊರಿನಲ್ಲಿರುವುದನ್ನು ಊರಿನ ಅಧಿಕಾರಿ ಆರಿಸಬಹುದು. ಶಾರ್ಟ್‌ವೇವ್ ಹಾಗಲ್ಲ. ನೆಲದಿಂದ ಹೊರಟ ಆ ಕಿರುತರಂಗಗಳು ಮೇಲಿನ ವಾತಾವರಣದ ಅಯಾನುಗೋಳಕ್ಕೆ ತಾಗಿ, ಬಾಗಿ, ಸಾವಿರಾರು ಕಿಲೋಮೀಟರು ಆಚೆ ಮತ್ತೆ ಇಳಿಯುತ್ತವೆ. ರೇಡಿಯೊ ಆಸ್ಟ್ರೇಲಿಯಾದ ಶಾರ್ಟ್‌ವೇವ್ ಕಂಬಗಳಿದ್ದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಶೆಪ್ಪರ್ಟನ್ನಿನಲ್ಲಿ. ಸುವಾದ ಯಾವ ಅಧಿಕಾರಿಯ ಕೈಗೂ ಅದರ ಗುಂಡಿ ಎಟಕುತ್ತಿರಲಿಲ್ಲ. ಹಳೆಯ ಶಾರ್ಟ್‌ವೇವ್ ಸೆಟ್ಟು ಇಟ್ಟುಕೊಂಡವರಿಗೆ ತಮ್ಮ ದೇಶದ ಸುದ್ದಿ ಪರದೇಶದ ಬಾಯಿಂದ ಕೇಳಿಸುತ್ತಲೇ ಇತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವಾರ್ತೆಯ ಬಾಯಿ ಕಟ್ಟಲು ಯಾವಾಗಲೂ ಸೈನಿಕರೇ ಬರಬೇಕೆಂದಿಲ್ಲ. ದೇಶ ತೀರ ಚಿಕ್ಕದಾದರೆ ಚಿಕ್ಕತನವೇ ಒಂದು ಕಟ್ಟು. ಹನ್ನೊಂದು ಸಾವಿರದಷ್ಟು ಜನರಿರುವ ಟುವಾಲುವಿನಂಥ ದೇಶದಲ್ಲಿ ವರದಿಗಾರನಿಗೂ ಮಂತ್ರಿಗೂ ಬಾದರಾಯಣ ಸಂಬಂಧವೂ ಇಲ್ಲದಿರುವುದು ಕಷ್ಟ. ಒಬ್ಬರು ಸೋದರಮಾವನ ಕಡೆಯವರು, ಇನ್ನೊಬ್ಬರು ಒಂದೇ ಚರ್ಚಿನವರು. ಜಾಹೀರಾತು ಕೊಡಲು ದೊಡ್ಡ ವ್ಯಾಪಾರವಿಲ್ಲ. ಹಾಗಾಗಿ ರೇಡಿಯೊಗೆ ಹಣ ಬರುವುದು ಬಹುಪಾಲು ಸರಕಾರದಿಂದಲೇ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುವ ಗಾದೆ ನಮ್ಮಲ್ಲಿದೆ. ಆದರೆ ಸರಕಾರ ಕೊಡುವ ಉಪ್ಪು ಜನರದ್ದೇ ಅಲ್ಲವೇ?

2022ರಲ್ಲಿ ಸಾಲೊಮನ್ ದ್ವೀಪಗಳಲ್ಲಿ ಈ ಪ್ರಶ್ನೆಯೇ ಎದ್ದಿತು. ಆ ವರ್ಷ ಏಪ್ರಿಲಿನಲ್ಲಿ ಅಲ್ಲಿನ ಸರಕಾರ ಚೀನಾದೊಂದಿಗೆ ಭದ್ರತಾ ಒಪ್ಪಂದಕ್ಕೆ ಸಹಿ ಹಾಕಿತು; ದೇಶದಲ್ಲಿ ಬಿಸಿ ಚರ್ಚೆ ನಡೆದಿತ್ತು. ಅದೇ ಹೊತ್ತಿಗೆ ಪ್ರಸಾರ ನಿಗಮವನ್ನು ಸ್ವಂತ ಸಂಪಾದನೆಯ ಸಂಸ್ಥೆಗಳ ಪಟ್ಟಿಯಿಂದ ತೆಗೆದು ನೇರವಾಗಿ ಸರಕಾರದ ಹಣದ ಕೆಳಗೆ ತಂದರು. ವಾರ್ತೆಗಳ ಮೇಲೆ ಹಿಡಿತ ಬರುತ್ತದೆಂದು ಪತ್ರಕರ್ತರೂ ವಿರೋಧ ಪಕ್ಷದವರೂ ಆತಂಕಪಟ್ಟರು. ಸುಳ್ಳು ಸುದ್ದಿಯಿಂದ ಜನರನ್ನು ಕಾಪಾಡುವ ಹೊಣೆ ತನಗಿದೆ ಎಂಬುದು ಸರಕಾರದ ಸಮರ್ಥನೆ. ಸುಳ್ಳು ಯಾವುದೆಂದು ತೀರ್ಮಾನಿಸುವವರು ಯಾರು ಎಂಬುದೇ ಇಲ್ಲಿನ ಗಂಟು.

ಹೊರಗಿನ ವರದಿಗಾರರು ಬಂದು ನೋಡಲಿ ಎಂದರೆ ಅದಕ್ಕೂ ಬಾಗಿಲು ಹಾಕಬಹುದು. ನೌರು ದೇಶ 2014ರಲ್ಲಿ ಪತ್ರಕರ್ತರ ವೀಸಾ ಶುಲ್ಕವನ್ನು 200 ಆಸ್ಟ್ರೇಲಿಯನ್ ಡಾಲರಿನಿಂದ ಒಮ್ಮೆಗೇ 8,000 ಡಾಲರಿಗೆ ಏರಿಸಿತು. ಆಸ್ಟ್ರೇಲಿಯಾ ತನ್ನಲ್ಲಿಗೆ ಬಂದ ನಿರಾಶ್ರಿತರನ್ನು ಆಗ ಅದೇ ದ್ವೀಪದ ಶಿಬಿರಗಳಲ್ಲಿ ಇರಿಸುತ್ತಿತ್ತು. 2018ರಲ್ಲಿ ಪೆಸಿಫಿಕ್ ನಾಯಕರ ಸಮ್ಮೇಳನ ಅಲ್ಲಿ ನಡೆದಾಗ ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆಗೆ ಪ್ರವೇಶವನ್ನೇ ನಿರಾಕರಿಸಲಾಯಿತು.

ಹೀಗಾಗಿ ದ್ವೀಪಗಳ ರಾಜಕೀಯ ಸುದ್ದಿಗೆ ಎರಡು ಕಾಲುಗಳು ಬೇಕು. ಒಂದು, ಊರಿನ ಭಾಷೆಯಲ್ಲಿ ಮಾತಾಡುವ ಊರಿನ ರೇಡಿಯೊ. ಇನ್ನೊಂದು, ಊರಿನ ದೊರೆಗೆ ಹೆದರಬೇಕಿಲ್ಲದ ದೂರದ ರೇಡಿಯೊ. ಆ ಎರಡನೆಯ ಕೆಲಸವನ್ನು ಬಹುಕಾಲ ಮಾಡಿದವು ಎರಡು ಸಂಸ್ಥೆಗಳು. 1939ರಲ್ಲಿ ಆರಂಭವಾದ ರೇಡಿಯೊ ಆಸ್ಟ್ರೇಲಿಯಾ ಒಂದು. 1990ರ ಜನವರಿಯಲ್ಲಿ ಹೊಸ ಯಂತ್ರದೊಂದಿಗೆ ಆರಂಭವಾಗಿ ಈಗ ಆರ್.ಎನ್.ಜೆಡ್. ಪೆಸಿಫಿಕ್ ಎಂದು ಕರೆಸಿಕೊಳ್ಳುವ ನ್ಯೂಜಿಲೆಂಡಿನ ಸೇವೆ ಮತ್ತೊಂದು. ಒಂದು ದ್ವೀಪದ ಚುನಾವಣೆ, ಮತ್ತೊಂದರ ಮೀನುಗಾರಿಕೆ ಒಪ್ಪಂದ, ಮಗುದೊಂದರ ಮುಷ್ಕರ ಇವನ್ನೆಲ್ಲ ಪೋಣಿಸಿ ಇಡೀ ಪ್ರದೇಶಕ್ಕೆ ಕೇಳಿಸಿದ್ದು ಇವೇ. ಟೊಂಗಾದವನಿಗೆ ವನುವಾಟುವಿನ ಸುದ್ದಿ ಸಿಗುತ್ತಿದ್ದದ್ದೂ ಹೆಚ್ಚಾಗಿ ಈ ಸುತ್ತುದಾರಿಯಲ್ಲೇ.

ಈ ಕಾಲುಗಳಲ್ಲಿ ಒಂದನ್ನು 2017ರಲ್ಲಿ ಕತ್ತರಿಸಲಾಯಿತು. ಆ ವರ್ಷ ಜನವರಿ 31ರಂದು ರೇಡಿಯೊ ಆಸ್ಟ್ರೇಲಿಯಾ ತನ್ನ ಶಾರ್ಟ್‌ವೇವ್ ಪ್ರಸಾರವನ್ನು ಮುಗಿಸಿತು. ಅದು ಹಳೆಯ ಕಾಲದ ತಂತ್ರ, ಇನ್ನು ಎಫ್.ಎಂ. ಮತ್ತು ಇಂಟರ್‌ನೆಟ್ ಸಾಕು ಎಂಬುದು ಕಾರಣ. ಉಳಿತಾಯ ವರ್ಷಕ್ಕೆ 19 ಲಕ್ಷ ಆಸ್ಟ್ರೇಲಿಯನ್ ಡಾಲರು. ದೊಡ್ಡ ದೇಶವೊಂದರ ಲೆಕ್ಕದಲ್ಲಿ ಅದು ಚಿಲ್ಲರೆ ಹಣ. ವನುವಾಟುವಿನ ಅಂದಿನ ಪ್ರಧಾನಿ ಶಾರ್ಲೊ ಸಲ್ವಾಯ್ ಈ ನಿರ್ಧಾರವನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಅವರ ದೇಶ 2015ರ ಮಾರ್ಚಿನಲ್ಲಷ್ಟೇ ‘ಪಾಮ್’ ಎಂಬ ಭೀಕರ ಚಂಡಮಾರುತವನ್ನು ಉಂಡಿತ್ತು. ಯಾರೂ ಕಿವಿಗೊಡಲಿಲ್ಲ. ಮುಂದಿನ ವರ್ಷ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಆಸ್ಟ್ರೇಲಿಯಾ ಬಿಟ್ಟುಕೊಟ್ಟ ಕೆಲವು ತರಂಗಾಂತರಗಳಲ್ಲಿ ಈಗ ಚೀನಾದ ಅಂತಾರಾಷ್ಟ್ರೀಯ ರೇಡಿಯೊ ಕೇಳಿಸುತ್ತಿತ್ತು. ಖಾಲಿ ಬಿಟ್ಟ ಜಗಲಿಯಲ್ಲಿ ಬೇರೆಯವರು ಬಂದು ಕುಳಿತರು, ಅಷ್ಟೆ.

ಇಂಟರ್‌ನೆಟ್ ಸಾಕೆಂಬ ಮಾತಿಗೆ ಪರೀಕ್ಷೆ ಎದುರಾದದ್ದು 2022ರ ಜನವರಿ 15ರಂದು. ಟೊಂಗಾದ ರಾಜಧಾನಿಯ ಉತ್ತರಕ್ಕೆ ಸುಮಾರು 65 ಕಿಲೋಮೀಟರು ದೂರದಲ್ಲಿ ಕಡಲೊಳಗಿನ ಜ್ವಾಲಾಮುಖಿ ಸಿಡಿಯಿತು. ಬೂದಿ ಆಕಾಶ ಮುಚ್ಚಿತು; ಸುನಾಮಿ ದ್ವೀಪಗಳ ಮೇಲೆ ಉರುಳಿತು. ದೇಶವನ್ನು ಹೊರಜಗತ್ತಿಗೆ ಜೋಡಿಸಿದ್ದ ಒಂದೇ ಒಂದು ಕಡಲಡಿಯ ಕೇಬಲ್ ತುಂಡಾಯಿತು. ಒಂದು ಲಕ್ಷ ಜನರ ದೇಶ ಒಂದೇ ಸಂಜೆಯಲ್ಲಿ ಮೂಕವಾಯಿತು. ಆಕ್ಲೆಂಡಿನಲ್ಲಿ, ಸಿಡ್ನಿಯಲ್ಲಿ ಇದ್ದ ಮಕ್ಕಳಿಗೆ ತಂದೆತಾಯಿ ಬದುಕಿದ್ದಾರೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಕೇಬಲ್ ಸರಿಹೋಗಲು ಐದು ವಾರ ಹಿಡಿಯಿತು. ದೇಶದೊಳಗಿನ ದ್ವೀಪಗಳನ್ನು ಜೋಡಿಸುವ ಇನ್ನೊಂದು ಕೇಬಲಿನ ದುರಸ್ತಿಗೆ ವರ್ಷವೇ ಕಳೆಯಿತು.

ಆ ದಿನಗಳಲ್ಲಿ ಕೇಬಲಿನ ಹಂಗಿಲ್ಲದೆ ಟೊಂಗಾಕ್ಕೆ ತಲುಪಿದ್ದರಲ್ಲಿ ನ್ಯೂಜಿಲೆಂಡಿನ ಶಾರ್ಟ್‌ವೇವ್ ಪ್ರಸಾರವೂ ಒಂದು. ಊರಿನ ರೇಡಿಯೊ ಕೂಡ ತನ್ನ ಪಾಲಿನ ಕೆಲಸ ಮಾಡಿತು. ಅಟಾಟಾ ಎಂಬ ಪುಟ್ಟ ದ್ವೀಪದಲ್ಲಿ ಅಲೆಗೆ ಸಿಕ್ಕಿ ಕೊಚ್ಚಿಹೋದ ಒಬ್ಬ ಹಿರಿಯರು, ಕಾಲಿನ ಸ್ವಾಧೀನ ಸರಿಯಾಗಿಲ್ಲದಿದ್ದರೂ, ಒಂದು ದಿನಕ್ಕೂ ಮೀರಿ ಕಡಲಿನಲ್ಲಿ ತೇಲುತ್ತ ಈಜುತ್ತ ಬದುಕಿ ದಡ ಸೇರಿದರು. ಅವರ ಕಥೆಯನ್ನು ಜಗತ್ತಿನ ದೊಡ್ಡ ಸುದ್ದಿಸಂಸ್ಥೆಗಳೆಲ್ಲ ಹೇಳಿದವು. ಆದರೆ ಅವರನ್ನು ಕೂರಿಸಿಕೊಂಡು ಅವರದೇ ಭಾಷೆಯಲ್ಲಿ ಮಾತಾಡಿಸಿದ್ದು ಟೊಂಗಾದ ಒಂದು ರೇಡಿಯೊ. ದೂರದ ರೇಡಿಯೊ ಮಾಡಲಾಗದ ಕೆಲಸವದು.

ಏಕೆಂದರೆ ದೂರದವರ ಕಣ್ಣಿಗೂ ಒಂದು ದೋಷವಿದೆ. ಬಿರುಗಾಳಿ ಬಂದಾಗ, ಸರಕಾರ ಉರುಳಿದಾಗ, ದೊಡ್ಡ ದೇಶಗಳ ಪೈಪೋಟಿ ನಡೆದಾಗ ಅವರಿಗೆ ದ್ವೀಪಗಳ ನೆನಪು ಬರುತ್ತದೆ. ದಿನನಿತ್ಯದ ರಾಜಕೀಯ ಅವರಿಗೆ ರುಚಿಸದು. ಒಂದು ಉದಾಹರಣೆ ಕೊಡುತ್ತೇನೆ. ವನುವಾಟುವಿನ ಸಂಸತ್ತಿನಲ್ಲಿ 52 ಸ್ಥಾನಗಳು. ಸದಸ್ಯರು ಪಕ್ಷದಿಂದ ಪಕ್ಷಕ್ಕೆ ಹಾರುವುದು, ಅವಿಶ್ವಾಸ ನಿರ್ಣಯ, ಸರಕಾರದ ಪತನ ಅಲ್ಲಿ ಪದೇಪದೇ ನಡೆಯುವ ಸಂಗತಿ. ನಮಗೇನೂ ಇದು ಅಪರಿಚಿತ ಕಥೆಯಲ್ಲ. 1985ರಲ್ಲಿ ನಾವು ಪಕ್ಷಾಂತರ ನಿಷೇಧಕ್ಕೆ ಸಂವಿಧಾನವನ್ನೇ ತಿದ್ದಿದೆವು. ವನುವಾಟು ಅದೇ ರೋಗಕ್ಕೆ ಮದ್ದು ಹುಡುಕಿ 2024ರ ಮೇ 29ರಂದು ತನ್ನ ಚರಿತ್ರೆಯ ಮೊದಲ ಜನಮತಗಣನೆ ನಡೆಸಿತು. ಪಕ್ಷ ಬಿಟ್ಟವನು ಸ್ಥಾನವನ್ನೂ ಬಿಡಬೇಕೆಂದು ಜನ ಒಪ್ಪಿದರು. ಇಂಥ ತಿದ್ದುಪಡಿಯ ಅರ್ಥವೇನು, ಪರವಾಗಿ ಏನಿದೆ, ವಿರೋಧವಾಗಿ ಏನಿದೆ ಎಂದು ಬಿಸ್ಲಾಮಾದಲ್ಲಿ ಕೂತು ಬಿಡಿಸಿ ಹೇಳಲು ಪರದೇಶದ ಕೇಂದ್ರಕ್ಕೆ ಪುರುಸೊತ್ತೂ ಇಲ್ಲ, ಆ ಹೊಣೆಯೂ ಅದರದ್ದಲ್ಲ. ಅದು ಊರಿನ ರೇಡಿಯೊದ ಧರ್ಮ.

ಎರಡು ಒಳ್ಳೆಯ ಸುದ್ದಿಗಳನ್ನೂ ಹೇಳಿಬಿಡುತ್ತೇನೆ. ನ್ಯೂಜಿಲೆಂಡ್ ತನ್ನ ಶಾರ್ಟ್‌ವೇವನ್ನು ಮುಚ್ಚಲಿಲ್ಲ. ಹಳತಾದ ಯಂತ್ರದ ಜಾಗಕ್ಕೆ ಹಣ ಒದಗಿಸಿ, 2024ರಲ್ಲಿ ಹೊಸ ಯಂತ್ರವನ್ನು ಚಾಲನೆಗೆ ತಂದಿತು. ಇನ್ನು ಫಿಜಿಯಲ್ಲಿ, ಪತ್ರಕರ್ತರಿಗೆ ದಂಡ, ಸೆರೆಮನೆಯ ಭಯ ತೋರಿಸುತ್ತಿದ್ದ 2010ರ ಮಾಧ್ಯಮ ಕಾನೂನನ್ನು 2023ರ ಏಪ್ರಿಲಿನಲ್ಲಿ ಸಂಸತ್ತು ರದ್ದು ಮಾಡಿತು. ಆಗಿನ ಪ್ರಧಾನಿ ಯಾರು ಬಲ್ಲಿರಾ? 1987ರಲ್ಲಿ ಸೈನಿಕರನ್ನು ಸಂಸತ್ತಿಗೆ ನುಗ್ಗಿಸಿದ್ದ ಅದೇ ಸಿಟಿವೇನಿ ರಬುಕ. ಈ ಸಲ ಚುನಾವಣೆಯ ದಾರಿಯಲ್ಲಿ ಬಂದವರು. ಕಾಲ ಮನುಷ್ಯನಿಗೆ ಪಾಠ ಕಲಿಸುವುದುಂಟು. ಆದರೆ ಒಬ್ಬರ ಮನಪರಿವರ್ತನೆಯನ್ನು ನೆಚ್ಚಿಕೊಂಡು ಒಂದು ದೇಶದ ವಾರ್ತೆ ನಡೆಯಬಾರದು.

ಓದುಗರೇ, ಬಾವಿ ತೋಡುವ ಕೆಲಸ ಮನೆಗೆ ಬೆಂಕಿ ಬೀಳುವ ಮೊದಲೇ ಆಗಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ರೇಡಿಯೊ ಕೇಂದ್ರವೂ ಅಂಥ ಬಾವಿ. ನೆಮ್ಮದಿಯ ದಿನಗಳಲ್ಲಿ ಅದರ ಖರ್ಚು ದಂಡವೆಂದು ಕಾಣುತ್ತದೆ. ಕಂಬ ಕಳಚಿ ಮಾರಿದ ಮೇಲೆ, ಅನುಭವಿ ವಾರ್ತಾವಾಚಕರು ಮನೆಗೆ ಹೋದ ಮೇಲೆ, ಕೇಳುವವರ ಅಭ್ಯಾಸ ತಪ್ಪಿದ ಮೇಲೆ, ಬಿರುಗಾಳಿಯ ರಾತ್ರಿ ಅದನ್ನು ಮತ್ತೆ ಕಟ್ಟಲಾಗದು. ಯಂತ್ರವನ್ನಾದರೂ ಹಣ ಕೊಟ್ಟು ತರಬಹುದು. ‘ಈ ದನಿ ಹೇಳಿದರೆ ನಿಜವಿರಬೇಕು’ ಎಂಬ ನಂಬಿಕೆಯನ್ನು ಯಾವ ಅಂಗಡಿಯಿಂದ ತರುವುದು?

ಮುಂದೆ ಎಂದಾದರೂ ನಿಮ್ಮ ಮನೆಯ ವಾರ್ತೆಯಲ್ಲಿ ಯಾವುದೋ ದೂರದ ದ್ವೀಪದ ಹೆಸರು ಬಂದರೆ ಒಂದು ಗಳಿಗೆ ನಿಂತು ಕೇಳಿ. ಈ ಸುದ್ದಿಯನ್ನು ಹೇಳಿದವರು ಯಾರು, ಆ ದ್ವೀಪದವರೋ ಹೊರಗಿನವರೋ, ದ್ವೀಪದ ಜನಕ್ಕೂ ಇದು ಕೇಳಿಸಿತೋ ಇಲ್ಲವೋ ಎಂದು ಯೋಚಿಸಿ. ಅಂಗೈ ಅಗಲದ ನೆಲದ ಮೇಲೆ ನಿಂತು ನಾವೂ ಒಂದು ದೇಶ ಎನ್ನುವ ಆ ಜನರ ಬಳಿ ಅವರನ್ನು ಒಂದಾಗಿ ಹಿಡಿದಿಡುವ ಹಗ್ಗಗಳು ಹೆಚ್ಚಿಲ್ಲ. ರೇಡಿಯೊ ವಾರ್ತೆ ಅವುಗಳಲ್ಲೊಂದು. ಅದು ಹರಿಯದಿರಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.